ವಿಹಾರನೌಕೆಯಲ್ಲಿ ವಿನೋದಾಧಿಕಾರಿಯ ಸ್ಥಾನ

೧. ವಿಚಾರದ ಸ್ವರೂಪ

ಬಹುಕಾಲದವರೆಗೆ ಸಮುದ್ರಯಾನವು ಮನುಷ್ಯನಿಗೆ ಅನಿವಾರ್ಯವಾದ ಕಷ್ಟವಾಗಿದ್ದಿತೇ ಹೊರತು ಬೇಡಿ ಪಡೆಯತಕ್ಕ ಸುಖವಾಗಿರಲಿಲ್ಲ. ವ್ಯಾಪಾರಕ್ಕಾಗಿಯೋ, ಯುದ್ಧಕ್ಕಾಗಿಯೋ, ತೀರ್ಥಯಾತ್ರೆಗಾಗಿಯೋ ಹಡಗನ್ನೇರಿದವನು ಎಂದಿಗೆ ದಡವನ್ನು ಕಂಡೇನೆಂದು ದಿನಗಳನ್ನೆಣಿಸುತ್ತಿದ್ದನು. ದಡವನ್ನು ಮುಟ್ಟುವುದಕ್ಕಾಗಿಯಲ್ಲದೆ ಹಡಗಿನಲ್ಲಿ ಇರುವುದಕ್ಕಾಗಿಯೇ ಹಣವನ್ನು ತೆತ್ತು ಹೊರಡುವ ವಾಡಿಕೆಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮೊಳೆತು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೆಮ್ಮರವಾಗಿ ಬೆಳೆಯಿತು. ೨೦೨೩ರಲ್ಲಿ ಲೋಕದಲ್ಲೆಲ್ಲ ಸುಮಾರು ೩ ಕೋಟಿ ೧೭ ಲಕ್ಷ ಮಂದಿ ಈ ಬಗೆಯ ನೌಕಾವಿಹಾರವನ್ನು ಮಾಡಿದರೆಂದು ನೌಕಾಸಂಸ್ಥೆಗಳ ಅಂತಾರಾಷ್ಟ್ರೀಯ ಸಂಘವು ಲೆಕ್ಕವಿಟ್ಟಿದೆ.

ಇಂತಹ ಹಡಗುಗಳಲ್ಲಿ ಕಪ್ತಾನ, ಯಂತ್ರಾಧಿಕಾರಿ, ವೈದ್ಯ, ಪಾಕಾಧ್ಯಕ್ಷ ಮೊದಲಾದವರ ಜೊತೆಗೆ 'ಕ್ರೂಸ್ ಡೈರೆಕ್ಟರ್' ಎಂಬ ಒಬ್ಬ ಅಧಿಕಾರಿಯಿರುತ್ತಾನೆ. ಪ್ರಯಾಣಿಕರ ಮನೋರಂಜನೆಯ ಏರ್ಪಾಡುಗಳೆಲ್ಲ ಈತನ ವಶದಲ್ಲಿರುತ್ತವೆಯಾದ್ದರಿಂದ ಇಲ್ಲಿ ಈತನನ್ನು ವಿನೋದಾಧಿಕಾರಿಯೆಂದು ಕರೆಯಬಹುದು. ಹಡಗನ್ನು ನಡೆಸುವುದಕ್ಕೆ ಈತನು ಬೇಕಿಲ್ಲ; ಅಡಿಗೆಗೂ ಬೇಕಿಲ್ಲ; ರೋಗಚಿಕಿತ್ಸೆಗೂ ಬೇಕಿಲ್ಲ. ಆದರೂ ಯಾತ್ರೆಯನ್ನು ಮುಗಿಸಿ ಬಂದವರಲ್ಲಿ ಹಲವರು ಕಪ್ತಾನನ ಹೆಸರನ್ನು ಮರೆತರೂ ಈತನ ಹೆಸರನ್ನು ಮರೆಯುವುದಿಲ್ಲ. ಮತ್ತೆ ಕೆಲವರಿಗೆ ಈತನು ಇದ್ದನೆಂಬುದೇ ನೆನಪಿರುವುದಿಲ್ಲ. ಪ್ರಯಾಣಿಕರ ಸಂತೋಷದಲ್ಲಿ ಈತನ ಪಾಲು ನಿಜವಾಗಿ ಎಷ್ಟು? ಈ ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವೆಂದು ತೋರಿದರೂ, ಒಂದು ಸಮುದಾಯದ ಉಲ್ಲಾಸವು ವಸ್ತುಸಾಮಗ್ರಿಯಿಂದ ಹುಟ್ಟುವುದೋ ವ್ಯಕ್ತಿಯಿಂದ ಹುಟ್ಟುವುದೋ ಎಂಬ ದೊಡ್ಡ ಪ್ರಶ್ನೆಯು ಇದರೊಳಗೆ ಅಡಗಿದೆ.

೨. ಪದವಿಯ ಉತ್ಪತ್ತಿ

ಮೊದಲಿನ ವಿಹಾರಯಾತ್ರೆಗಳಲ್ಲಿ ಈ ಪದವಿಯಿರಲಿಲ್ಲ. ೧೮೬೭ರಲ್ಲಿ 'ಕ್ವೇಕರ್ ಸಿಟಿ' ಎಂಬ ಹಡಗು ಅಮೆರಿಕಾದ ಪ್ರಯಾಣಿಕರನ್ನು ಯೂರೋಪಿಗೂ ಪುಣ್ಯಭೂಮಿಯಾದ ಪ್ಯಾಲೆಸ್ಟೈನಿಗೂ ಕರೆದೊಯ್ದಿತು. ಆ ಗುಂಪಿನಲ್ಲಿದ್ದ ಮಾರ್ಕ್ ಟ್ವೇನನು ೧೮೬೯ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಿಂದ ಅಲ್ಲಿಯ ದಿನಚರಿಯು ತಿಳಿದುಬರುತ್ತದೆ. ಸಂಜೆಯ ಪ್ರಾರ್ಥನೆ, ದಿನಚರಿಯ ಬರವಣಿಗೆ, ಹಡಗಿನ ಓಲಾಟದಿಂದ ಕೆಟ್ಟುಹೋಗುತ್ತಿದ್ದ ನರ್ತನ, ಹಾಸ್ಯಕ್ಕಾಗಿ ಹೂಡಿದ ಕೃತಕ ನ್ಯಾಯವಿಚಾರಣೆ: ಇವೆಲ್ಲವನ್ನೂ ಪ್ರಯಾಣಿಕರು ತಾವಾಗಿಯೇ ಕಲ್ಪಿಸಿಕೊಂಡರು. ಗ್ರಂಥದ ಕೊನೆಯಲ್ಲಿ ಆ ಯಾತ್ರೆಯು ಉಲ್ಲಾಸಕ್ಕಿಂತ ಗಾಂಭೀರ್ಯದಲ್ಲಿಯೇ ಮುಂದಾಗಿದ್ದಿತೆಂದು ಟ್ವೇನನು ಪರಿಹಾಸಮಾಡಿದ್ದಾನೆ.

೧೮೯೧ರ ಜನವರಿಯಲ್ಲಿ ಜರ್ಮನಿಯ ಹ್ಯಾಂಬರ್ಗ್-ಅಮೆರಿಕಾ ನೌಕಾಸಂಸ್ಥೆಯ ಆಲ್ಬರ್ಟ್ ಬಾಲಿನನು, ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರದ ಪ್ರಯಾಣಿಕರು ಕಡಮೆಯಾಗುತ್ತಿದ್ದುದನ್ನು ಕಂಡು, 'ಆಗುಸ್ಟಾ ವಿಕ್ಟೋರಿಯಾ' ಎಂಬ ಹಡಗನ್ನು ೨೪೧ ಪ್ರಯಾಣಿಕರೊಡನೆ ಮೆಡಿಟರೇನಿಯನ್ ಸಮುದ್ರಕ್ಕೆ ವಿಹಾರಕ್ಕಾಗಿ ಕಳುಹಿಸಿ, ತಾನೂ ಜೊತೆಯಲ್ಲಿ ಹೋದನು. ೧೯೦೦ರಲ್ಲಿ ಅದೇ ಸಂಸ್ಥೆಯವರು ವಿಹಾರಕ್ಕೆಂದೇ 'ಪ್ರಿಂಜೆಸಿನ್ ವಿಕ್ಟೋರಿಯಾ ಲೂಯಿಸೆ' ಎಂಬ ನೌಕೆಯನ್ನು ಕಟ್ಟಿಸಿದರು. ಆದರೂ ಹಡಗುಗಳ ಮುಖ್ಯ ಉದ್ಯೋಗವು ಜನರನ್ನು ಒಂದು ತೀರದಿಂದ ಇನ್ನೊಂದು ತೀರಕ್ಕೆ ಸಾಗಿಸುವುದಾಗಿಯೇ ಉಳಿಯಿತು.

೧೯೫೮ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ಕಿನ ಮೇಲೆ ಹಾರತೊಡಗಿದುದೇ ಈ ಸ್ಥಿತಿಯನ್ನು ಬುಡಮೇಲು ಮಾಡಿತು. ಐದಾರು ದಿನಗಳ ದಾರಿಯು ಕೆಲವು ಗಂಟೆಗಳಿಗೆ ಇಳಿದಮೇಲೆ ದಾರಿಗಾಗಿ ಹಡಗನ್ನೇರುವವರು ಯಾರು? ಹಡಗೇ ಗಮ್ಯಸ್ಥಾನವಾಗಬೇಕಾಯಿತು. ೧೯೬೬ರ ಡಿಸೆಂಬರಿನಲ್ಲಿ 'ಸನ್‌ವರ್ಡ್' ನೌಕೆಯು ಮಯಾಮಿಯಿಂದ ಬಹಾಮಾ ದ್ವೀಪಗಳಿಗೆ ವಿಹಾರವನ್ನಾರಂಭಿಸಿತು. ೧೯೭೨ರಲ್ಲಿ ಟೆಡ್ ಆರಿಸನ್ ಎಂಬಾತನು ಸ್ಥಾಪಿಸಿದ ಕಾರ್ನಿವಲ್ ಸಂಸ್ಥೆಯು ಹಳೆಯದೊಂದು ಸಾಗರನೌಕೆಯನ್ನು ಕೊಂಡು 'ಮಾರ್ಡಿ ಗ್ರಾ' ಎಂದು ಹೆಸರಿಟ್ಟಿತು. ಮೊದಲನೆಯ ಯಾತ್ರೆಯಲ್ಲಿಯೇ ಅದು ಮಯಾಮಿಯ ಹೊರಗಡೆ ಮರಳದಿಬ್ಬದ ಮೇಲೇರಿ ನಿಂತಿತು. ವೈಭವದಲ್ಲಿ ಇತರರೊಡನೆ ಸ್ಪರ್ಧಿಸಲಾರದ ಈ ಸಂಸ್ಥೆಯು ತನ್ನ ಹಡಗನ್ನು ಮೋಜಿನ ಹಡಗೆಂದೇ ಸಾರಿ ಮಾರಿತು. ಮೋಜೇ ಸರಕಾದಮೇಲೆ ಅದನ್ನು ಬಡಿಸುವವನು ಮುಂದಕ್ಕೆ ಬಂದುದು ಸಹಜ.

ಈ ಪದವಿಯ ಪೂರ್ವಜರು ನೆಲದ ಮೇಲೆ ಅದಕ್ಕಿಂತ ಮೊದಲೇ ಇದ್ದರು. ನ್ಯೂಯಾರ್ಕಿನ ಬಳಿಯ ಕ್ಯಾಟ್‌ಸ್ಕಿಲ್ ಬೆಟ್ಟಗಳ ವಸತಿಗೃಹಗಳಲ್ಲಿ ಅತಿಥಿಗಳನ್ನು ಬೆಳಗಿನಿಂದ ರಾತ್ರಿಯವರೆಗೆ ನಗಿಸುವುದಕ್ಕೆಂದೇ ನೇಮಕವಾದವರನ್ನು ಯಿಡ್ಡಿಷ್ ಭಾಷೆಯಲ್ಲಿ 'ಟುಮ್ಲರ್' ಎನ್ನುತ್ತಿದ್ದರು. ಮುಂದೆ ಪ್ರಸಿದ್ಧ ನಟನಾದ ಡ್ಯಾನಿ ಕೇ ೧೯೩೦ರ ದಶಕದಲ್ಲಿ ಈ ಕೆಲಸವನ್ನು ಮಾಡಿದವನೇ. ಇಂಗ್ಲೆಂಡಿನಲ್ಲಿ ಬಿಲ್ಲಿ ಬಟ್ಲಿನನ ವಿಹಾರಶಿಬಿರಗಳ ಕೆಂಪಂಗಿಯವರೂ, ೧೯೫೦ರಲ್ಲಿ ಆರಂಭವಾದ ಕ್ಲಬ್ ಮೆಡಿಟರೇನಿಯ ವ್ಯವಸ್ಥಾಪಕರೂ ಇದೇ ಕುಲಕ್ಕೆ ಸೇರಿದವರು. ಅಮೆರಿಕಾದ ಹಡಗುಗಳಲ್ಲಿ ವಿನೋದಾಧಿಕಾರಿಣಿಯಾಗಿದ್ದ ಜೆರಾಲ್ಡೀನ್ ಸಾಂಡರ್ಸ್ ೧೯೭೪ರಲ್ಲಿ ತನ್ನ ಅನುಭವಗಳನ್ನು ಪುಸ್ತಕವಾಗಿ ಬರೆದಳು. ೧೯೭೭ರಿಂದ ನಡೆದ 'ದಿ ಲವ್ ಬೋಟ್' ಎಂಬ ದೂರದರ್ಶನ ನಾಟಕಮಾಲೆಯು ಅದರಿಂದಲೇ ಹುಟ್ಟಿ, ಈ ಪದವಿಯ ಹೆಸರನ್ನು ಸಮುದ್ರವನ್ನೇ ಕಾಣದವರಿಗೂ ಪರಿಚಯಮಾಡಿಕೊಟ್ಟಿತು.

೩. ಕರ್ತವ್ಯಗಳು

ವಿನೋದಾಧಿಕಾರಿಯೆಂದರೆ ರಂಗದ ಮೇಲೆ ನಿಂತು ಹಾಸ್ಯದ ಮಾತುಗಳನ್ನಾಡುವವನೆಂದು ಪ್ರಯಾಣಿಕರು ತಿಳಿಯುವುದುಂಟು. ಅದು ಆತನ ಕೆಲಸದಲ್ಲಿ ಕಣ್ಣಿಗೆ ಬೀಳುವ ಸ್ವಲ್ಪ ಭಾಗ ಮಾತ್ರ. ಸಾಮಾನ್ಯವಾಗಿ ಆತನು ಹಡಗಿನ ವಸತಿ ಭೋಜನಗಳ ಮುಖ್ಯಾಧಿಕಾರಿಯ ಕೈಕೆಳಗಿದ್ದು, ಗಾಯಕರು, ನರ್ತಕರು, ವಾದ್ಯಗಾರರು, ರಂಗದ ಬೆಳಕು ಧ್ವನಿಗಳನ್ನು ನೋಡಿಕೊಳ್ಳುವವರು, ಮಕ್ಕಳನ್ನು ಆಡಿಸುವವರು ಇವರೆಲ್ಲರ ಮೇಲ್ವಿಚಾರಣೆಯನ್ನು ನಡೆಸುತ್ತಾನೆ. ಪ್ರತಿದಿನದ ಕಾರ್ಯಕ್ರಮಪತ್ರವು ಆತನ ಕಾರ್ಯಾಲಯದಿಂದ ಹೊರಡುತ್ತದೆ. ಹಿಂದೆ ರಾತ್ರಿ ಕೋಣೆಗಳಿಗೆ ಹಂಚುತ್ತಿದ್ದ ಆ ಕಾಗದವು ಈಗ ಹಲವು ಹಡಗುಗಳಲ್ಲಿ ಮೊಬೈಲ್ ಫೋನಿನೊಳಕ್ಕೆ ಸೇರಿದೆ.

ಈ ಪತ್ರದ ರಚನೆಯೇ ಒಂದು ಶಾಸ್ತ್ರವೆನ್ನಬೇಕು. ೨೦೨೪ರ ಜನವರಿಯಲ್ಲಿ ಸಂಚಾರವನ್ನಾರಂಭಿಸಿದ 'ಐಕಾನ್ ಆಫ್ ದಿ ಸೀಸ್' ಎಂಬ ನೌಕೆಯು ೭,೬೦೦ ಪ್ರಯಾಣಿಕರವರೆಗೆ ಹೊರಬಲ್ಲುದು. ಅದರ ಸಿಬ್ಬಂದಿಯೇ ೨,೩೫೦. ಇಷ್ಟು ಮಂದಿಯನ್ನು ಒಮ್ಮೆಗೇ ಕೂರಿಸತಕ್ಕ ನಾಟಕಶಾಲೆಯು ಯಾವ ಹಡಗಿನಲ್ಲಿಯೂ ಇಲ್ಲ. ಆದಕಾರಣ ಒಂದು ಪಂಕ್ತಿಯು ಊಟಕ್ಕೆ ಕುಳಿತಾಗ ಮತ್ತೊಂದು ಪಂಕ್ತಿಯು ನಾಟಕದಲ್ಲಿರಬೇಕು. ನಾಟಕವು ಮುಗಿದಾಗ ಹೊರಬಿದ್ದವರಿಗೆ ಸಂಗೀತಶಾಲೆಯ ಬಾಗಿಲು ತೆರೆದಿರಬೇಕು. ಮಕ್ಕಳನ್ನು ಕರೆದುಕೊಳ್ಳುವ ವೇಳೆಯು ತಾಯ್ತಂದೆಗಳ ವೇಳೆಗೆ ಹೊಂದಬೇಕು. ಇವು ಸರಿಯಾಗಿದ್ದರೆ ಯಾರೂ ಗಮನಿಸುವುದಿಲ್ಲ. ತಪ್ಪಿದರೆ ಮೆಟ್ಟಿಲುಗಳ ಮೇಲೆ ನೂಕುನುಗ್ಗಲಾಗಿ ಎಲ್ಲರೂ ಗೊಣಗುತ್ತಾರೆ. ಬಿರುಗಾಳಿಯ ದೆಸೆಯಿಂದ ಒಂದು ಬಂದರನ್ನು ಬಿಡಬೇಕಾಗಿ ಬಂದರೆ, ಇಡೀ ಹಗಲಿನ ಕಾರ್ಯಕ್ರಮವನ್ನು ಸ್ವಲ್ಪ ಹೊತ್ತಿನಲ್ಲಿಯೇ ಹೊಸದಾಗಿ ಹೆಣೆಯಬೇಕಾಗುತ್ತದೆ.

ಸಂಸ್ಕೃತ ನಾಟಕದ ಸೂತ್ರಧಾರನಿಗೆ ಈತನನ್ನು ಹೋಲಿಸಬೇಕೆಂದು ತೋರುವುದು ಸಹಜ. ಆದರೆ ಸೂತ್ರಧಾರನು ಪ್ರಸ್ತಾವನೆಯನ್ನು ಮುಗಿಸಿ ಮರೆಯಾಗುತ್ತಾನೆ. ಯಕ್ಷಗಾನದ ಭಾಗವತನೆಂದರೆ ಹೋಲಿಕೆಯು ಹೆಚ್ಚು ಸಮಂಜಸವಾದೀತು. ಭಾಗವತನು ಮೊದಲಿನಿಂದ ಮಂಗಳದವರೆಗೆ ರಂಗದ ಮೇಲೆಯೇ ಇದ್ದು, ಪಾತ್ರಗಳನ್ನು ಮಾತನಾಡಿಸಿ, ಕಳೆಗುಂದಿದೆಡೆಯಲ್ಲಿ ಪದವನ್ನು ಏರಿಸಿ, ರಾತ್ರಿಯ ಹೊತ್ತನ್ನು ನೋಡಿ ಪ್ರಸಂಗವನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ನಡೆಸುತ್ತಾನೆ. ವೇಷಗಳನ್ನು ಹೊಗಳಿ ಮನೆಗೆ ಹೋದವನಿಗೆ ಆಟವನ್ನು ಹಿಡಿದು ನಿಲ್ಲಿಸಿದ್ದು ಯಾರೆಂಬುದು ತಿಳಿಯದೆಯೂ ಇರಬಹುದು.

೪. ಪೂರ್ವಪಕ್ಷ

ಇಷ್ಟೆಲ್ಲ ಇದ್ದರೂ ವಿನೋದಾಧಿಕಾರಿಯು ಪ್ರಯಾಣಿಕನ ಸುಖಕ್ಕೆ ಮುಖ್ಯನಲ್ಲವೆಂದು ವಾದಿಸುವವರ ಪಕ್ಷವು ದುರ್ಬಲವಾದುದಲ್ಲ. ಅವರ ಯುಕ್ತಿಗಳು ಮೂರು.

ಮೊದಲನೆಯದು: ಪ್ರಯಾಣಿಕರು ನೌಕೆಯನ್ನು ಆರಿಸಿಕೊಳ್ಳುವಾಗ ಮಾರ್ಗ, ದರ, ಕೋಣೆ, ಊಟಗಳನ್ನು ವಿಚಾರಿಸುತ್ತಾರೆಯೇ ಹೊರತು ಈ ಅಧಿಕಾರಿಯನ್ನು ವಿಚಾರಿಸುವವರು ವಿರಳ. ದಿನಕ್ಕೊಂದು ಬಂದರನ್ನು ಮುಟ್ಟುವ ಯಾತ್ರೆಯಲ್ಲಿ ಈತನಿಗೆ ಅವಕಾಶವೇ ಸ್ವಲ್ಪ. ನವಮಂಗಳೂರು ಬಂದರಿಗೆ ಬರುವ ವಿಹಾರನೌಕೆಗಳ ಪ್ರಯಾಣಿಕನು ಬೆಳಗ್ಗೆ ಇಳಿದು, ಕಾರ್ಕಳದ ಗೊಮ್ಮಟನನ್ನೂ ಮೂಡಬಿದಿರೆಯ ಸಾವಿರಕಂಬದ ಬಸದಿಯನ್ನೂ ನೋಡಿ, ಸಂಜೆ ಆಯಾಸದಿಂದ ಹಿಂತಿರುಗಿದನೆಂದರೆ ಅವನಿಗೆ ಬೇಕಾದುದು ಊಟವೂ ನಿದ್ರೆಯೂ ಹೊರತು ಹಾಸ್ಯಗೋಷ್ಠಿಯಲ್ಲ.

ಎರಡನೆಯದು: ಕೆಲವರಿಗೆ ಈತನ ಉತ್ಸಾಹವೇ ಉಪದ್ರವ. ಅಮೆರಿಕಾದ ಲೇಖಕ ಡೇವಿಡ್ ಫಾಸ್ಟರ್ ವಾಲೆಸ್ ಏಳು ರಾತ್ರಿಗಳ ಕೆರಿಬಿಯನ್ ವಿಹಾರವೊಂದನ್ನು ಕುರಿತು ಬರೆದು ೧೯೯೬ರಲ್ಲಿ 'ಹಾರ್ಪರ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ದೀರ್ಘಪ್ರಬಂಧವು, ಏರ್ಪಡಿಸಿದ ಸಂತೋಷದೊಳಗೆ ಅಡಗಿರಬಹುದಾದ ವಿಷಾದವನ್ನು ವಿಸ್ತಾರವಾಗಿ ತೋರಿಸಿದೆ. ಧ್ವನಿವರ್ಧಕದಲ್ಲಿ ಮೇಲಿಂದಮೇಲೆ ಕೇಳಿಬರುವ ಆಹ್ವಾನವು ಏಕಾಂತವನ್ನು ಬಯಸಿ ಬಂದವನಿಗೆ ಶಿಕ್ಷೆಯಾಗಿ ಪರಿಣಮಿಸಬಹುದು. ಅದರಲ್ಲಿಯೂ ಆ ಆಹ್ವಾನವು ಹಣದ ಆಟಕ್ಕೋ, ಚಿತ್ರಗಳ ಹರಾಜಿಗೋ, ಹಡಗಿನ ಅಂಗಡಿಗೋ ಆದಾಗ, ಆತಿಥ್ಯವನ್ನು ಮಾಡುವವನೇ ವ್ಯಾಪಾರವನ್ನೂ ಮಾಡುತ್ತಿದ್ದಾನೆಂಬ ಶಂಕೆಯು ಹುಟ್ಟುತ್ತದೆ.

ಮೂರನೆಯದು ಇವುಗಳಿಗಿಂತ ಸೂಕ್ಷ್ಮವಾದುದು. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞನು ೧೯೨೦ರಲ್ಲಿ, ಸೈನ್ಯಾಧಿಕಾರಿಗಳು ತಮ್ಮ ಕೈಕೆಳಗಿನವರ ಗುಣಗಳಿಗೆ ಕೊಟ್ಟ ಅಂಕಗಳನ್ನು ಪರೀಕ್ಷಿಸಿ, ಒಂದು ಗುಣದ ಮೆಚ್ಚುಗೆಯು ಸಂಬಂಧವಿಲ್ಲದ ಇತರ ಗುಣಗಳ ಮೇಲೂ ಚೆಲ್ಲಿಹೋಗುತ್ತದೆಂದು ತೋರಿಸಿದನು. ಇದನ್ನು ಪ್ರಭಾವಲಯದೋಷವೆನ್ನಬಹುದು. ಹಡಗಿನಲ್ಲಿ ಸಾವಿರಾರು ಕೈಗಳು ದುಡಿಯುತ್ತಿದ್ದರೂ ಪ್ರಯಾಣಿಕನ ಕಣ್ಣಮುಂದೆ ನಿಲ್ಲುವ ಮುಖವು ಒಂದೇ. ಊಟವು ರುಚಿಯಾಗಿ, ಸಮುದ್ರವು ಶಾಂತವಾಗಿದ್ದರೆ ಆ ಮುಖಕ್ಕೆ ಕೀರ್ತಿ. ಕೋಣೆಯ ನಲ್ಲಿಯು ಕೆಟ್ಟರೆ ಅದಕ್ಕೇ ಅಪಕೀರ್ತಿ. ಹೀಗಿರಲಾಗಿ ಪ್ರಯಾಣಿಕರ ಹೊಗಳಿಕೆಯನ್ನು ವಿನೋದಾಧಿಕಾರಿಯ ಪ್ರಭಾವಕ್ಕೆ ಪ್ರಮಾಣವಾಗಿ ಹಿಡಿಯಲಾಗದೆಂದು ಪೂರ್ವಪಕ್ಷಿಗಳು ಹೇಳುತ್ತಾರೆ.

೫. ಉತ್ತರಪಕ್ಷ

ಮೂರನೆಯ ಯುಕ್ತಿಗೆ ಸಮಾಧಾನ ದೊರೆಯಬೇಕಾದರೆ, ಉಳಿದ ಸಾಮಗ್ರಿಗಳೆಲ್ಲ ಇದ್ದಂತೆಯೇ ಇದ್ದು ಇಂತಹ ವ್ಯಕ್ತಿಯೊಬ್ಬನು ಮಾತ್ರ ಹೊಸದಾಗಿ ಸೇರಿದ ನಿದರ್ಶನವು ಬೇಕು. ಅದು ನೆಲದ ಮೇಲೆ ದೊರೆಯುತ್ತದೆ. ೧೯೩೬ರಲ್ಲಿ ಬಟ್ಲಿನನು ಇಂಗ್ಲೆಂಡಿನ ಪೂರ್ವತೀರದ ಸ್ಕೆಗ್‌ನೆಸ್ಸಿನಲ್ಲಿ ತನ್ನ ಮೊದಲನೆಯ ವಿಹಾರಶಿಬಿರವನ್ನು ತೆರೆದನು. ವಸತಿ, ಊಟ, ಆಟದ ಬಯಲು ಎಲ್ಲವೂ ಸಿದ್ಧವಾಗಿದ್ದವು. ಆದರೂ ಬಂದ ಅತಿಥಿಗಳು ಒಬ್ಬರೊಡನೊಬ್ಬರು ಬೆರೆಯದೆ ಬೇಸರದ ಮುಖದಿಂದ ಕುಳಿತಿರುವುದನ್ನು ಆತನು ಕಂಡನು. ಶಿಬಿರದ ಕಟ್ಟಡದ ಕೆಲಸದಲ್ಲಿದ್ದ ನಾರ್ಮನ್ ಬ್ರಾಡ್‌ಫರ್ಡ್ ಎಂಬ ಸರಸಿಯನ್ನು ಕರೆದು, ಇವರನ್ನು ಹೇಗಾದರೂ ಉಲ್ಲಾಸಗೊಳಿಸಬೇಕೆಂದು ಕೇಳಿಕೊಂಡನು. ಬ್ರಾಡ್‌ಫರ್ಡನು ಹಾಸ್ಯದ ಮಾತುಗಳಿಂದಲೂ ನೆರೆಯವರ ಪರಿಚಯವನ್ನು ಮಾಡಿಸುವ ಚಿಕ್ಕ ಆಟಗಳಿಂದಲೂ ಆ ಗುಂಪನ್ನು ಕಲಕಿದನು. ಅಂದಿನ ರಾತ್ರಿಯೊಳಗಾಗಿ ಶಿಬಿರದ ಬಣ್ಣವೇ ಬದಲಾಯಿಸಿತು. ಈ ಕೆಲಸದವರು ದೂರದಿಂದಲೇ ಗುರುತು ಸಿಕ್ಕಬೇಕೆಂದು ಅವರಿಗೆ ಕೆಂಪು ಅಂಗಿಯು ನಿಶ್ಚಯವಾಯಿತು. ಇಲ್ಲಿ ಕಟ್ಟಡಗಳು ಬದಲಾಗಲಿಲ್ಲ, ಅಡಿಗೆಯೂ ಬದಲಾಗಲಿಲ್ಲ. ಬದಲಾದುದು ಅಪರಿಚಿತರ ನಡುವಣ ಸಂಕೋಚ.

ಇದರಿಂದ ವಿನೋದಾಧಿಕಾರಿಯ ಶಕ್ತಿಯು ಯಾವ ಬಗೆಯದೆಂಬುದು ಸ್ಪಷ್ಟವಾಗುತ್ತದೆ. ಫ್ರೆಡರಿಕ್ ಹರ್ಜ್‌ಬರ್ಗನು ೧೯೫೯ರಲ್ಲಿ ಉದ್ಯೋಗಸ್ಥರನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಅಸಮಾಧಾನವನ್ನು ತಡೆಯುವ ಕಾರಣಗಳು ಬೇರೆ, ಸಂತೋಷವನ್ನು ಹುಟ್ಟಿಸುವ ಕಾರಣಗಳು ಬೇರೆಯೆಂದು ವಿಂಗಡಿಸಿದನು. ಈ ವಿಂಗಡಣೆಯನ್ನು ಹಡಗಿಗೂ ಅನ್ವಯಿಸಬಹುದು. ಶುಚಿಯಾದ ಕೋಣೆಯೂ ಹೊತ್ತಿಗೆ ಸರಿಯಾದ ಊಟವೂ ಇಲ್ಲದಿದ್ದರೆ ಪ್ರಯಾಣಿಕನು ಕೋಪಗೊಳ್ಳುತ್ತಾನೆ; ಇದ್ದರೆ ಸಹಜವೆಂದು ಸುಮ್ಮನಿರುತ್ತಾನೆ. ಅಪರಿಚಿತರು ಗೆಳೆಯರಾದುದು, ತಾನೂ ರಂಗವನ್ನೇರಿ ಹಾಡಿದುದು, ಮಳೆಯ ದಿನವು ಹಬ್ಬದ ದಿನವಾದುದು: ಇವು ಕೊಂಡ ವಸ್ತುಗಳಲ್ಲವಾದುದರಿಂದ ನೆನಪಿನಲ್ಲಿ ನಿಲ್ಲುತ್ತವೆ. ವಿನೋದಾಧಿಕಾರಿಯ ಕ್ಷೇತ್ರವು ಈ ಎರಡನೆಯದು. ಕೆಟ್ಟ ಅಡಿಗೆಯನ್ನು ಆತನು ಒಳ್ಳೆಯದಾಗಿ ಮಾಡಲಾರನು. ಆದರೆ ಒಳ್ಳೆಯ ಅಡಿಗೆಯಿಂದ ಮಾತ್ರ ಬಾರದ ಸಂತೋಷವನ್ನು ಆತನು ತರಬಲ್ಲನು.

ಸ್ಮರಣೆಯ ಸ್ವಭಾವವೂ ಆತನಿಗೆ ಸಹಾಯಕವಾಗಿದೆ. ಡೇನಿಯಲ್ ಕಾನಿಮನ್ ಮೊದಲಾದವರು ೧೯೯೩ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರು ಒಮ್ಮೆ ೬೦ ಸೆಕೆಂಡುಗಳ ಕಾಲ ಬಹಳ ತಣ್ಣನೆಯ ನೀರಿನಲ್ಲಿ ಕೈಯಿಟ್ಟರು. ಇನ್ನೊಮ್ಮೆ ಅದೇ ೬೦ ಸೆಕೆಂಡುಗಳ ಮೇಲೆ, ನೀರನ್ನು ತುಸು ಬೆಚ್ಚಗೆ ಮಾಡುತ್ತಿರಲು, ಮತ್ತೆ ೩೦ ಸೆಕೆಂಡುಗಳ ಕಾಲ ಇಟ್ಟರು. ಯಾವುದನ್ನು ಮರಳಿ ಅನುಭವಿಸುವಿರೆಂದು ಕೇಳಲು ಹೆಚ್ಚು ಮಂದಿ ಎರಡನೆಯದನ್ನೇ ಆರಿಸಿದರು. ಕಷ್ಟವು ಹೆಚ್ಚು ಹೊತ್ತಿನದಾದರೂ ಕೊನೆಯು ಮೃದುವಾಗಿದ್ದುದೇ ಇದಕ್ಕೆ ಕಾರಣ. ಅನುಭವದ ಶಿಖರವೂ ಅಂತ್ಯವೂ ಉಳಿದ ಭಾಗಕ್ಕಿಂತ ಹೆಚ್ಚಾಗಿ ನೆನಪನ್ನು ಆಳುತ್ತವೆ. ಯಾತ್ರೆಯ ಮುಖ್ಯ ಪ್ರದರ್ಶನವು ಯಾವ ರಾತ್ರಿ ನಡೆಯಬೇಕು, ಬೀಳ್ಕೊಡುಗೆಯು ಹೇಗಿರಬೇಕು ಎಂಬುದನ್ನು ನಿಶ್ಚಯಿಸುವವನು, ತಿಳಿದೋ ತಿಳಿಯದೆಯೋ, ಪ್ರಯಾಣಿಕನು ಮನೆಗೆ ಕೊಂಡೊಯ್ಯುವ ನೆನಪನ್ನೇ ರೂಪಿಸುತ್ತಿರುತ್ತಾನೆ.

೬. ಆಪತ್ಕಾಲ

ಸುಖದ ದಿನಗಳಲ್ಲಿ ಅಳೆಯಲಾಗದ ಬೆಲೆಯು ಆಪತ್ತಿನಲ್ಲಿ ತಾನಾಗಿ ಪ್ರಕಾಶಕ್ಕೆ ಬರುತ್ತದೆ. ೧೯೯೧ರ ಆಗಸ್ಟಿನಲ್ಲಿ 'ಓಷಿಯಾನೋಸ್' ಎಂಬ ಗ್ರೀಕ್ ನೌಕೆಯು ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಬಂದರಿನಿಂದ ಡರ್ಬನ್ನಿಗೆ ಹೊರಟು, ಬಿರುಗಾಳಿಯಲ್ಲಿ ಸಿಕ್ಕಿತು. ಯಂತ್ರಶಾಲೆಗೆ ನೀರು ನುಗ್ಗಿ ದೀಪಗಳಾರಿದವು. ಹಡಗಿನಲ್ಲಿದ್ದವರು ೫೭೧ ಮಂದಿ. ಮೇಲಧಿಕಾರಿಗಳಿಂದ ಸರಿಯಾದ ಸೂಚನೆಯು ಬಾರದಿರಲು, ವಿನೋದಾಧಿಕಾರಿಣಿಯಾದ ಲೊರೇನ್ ಬೆಟ್ಸ್, ಗಿಟಾರ್ ವಾದಕನಾದ ಮಾಸ್ ಹಿಲ್ಸ್ ಮೊದಲಾದ ಮನೋರಂಜನೆಯ ಸಿಬ್ಬಂದಿಯವರೇ ಮುಂದಾದರು. ಪ್ರಯಾಣಿಕರನ್ನು ಸಭಾಶಾಲೆಯಲ್ಲಿ ಸೇರಿಸಿ, ಹಾಡುಗಳಿಂದ ಭೀತಿಯನ್ನು ತಡೆದು, ರಕ್ಷಣಾದೋಣಿಗಳನ್ನಿಳಿಸುವುದರಲ್ಲಿ ನೆರವಾದರು. ಹಿಲ್ಸನು ಬರಿದಾಗಿದ್ದ ನಾವಿಕಶಾಲೆಗೆ ಹೋಗಿ ರೇಡಿಯೋದಲ್ಲಿ ಮೊರೆಯಿಟ್ಟನು. ಅತ್ತಲಿನವರು ಅವನ ಪದವಿಯನ್ನು ಕೇಳಲಾಗಿ, ತಾನು ಗಿಟಾರ್ ಬಾರಿಸುವವನೆಂದು ಹೇಳಬೇಕಾಯಿತು. ಉಳಿದವರನ್ನು ಹೆಲಿಕಾಪ್ಟರುಗಳು ಎತ್ತಿಕೊಂಡುವು. ಆಗಸ್ಟ್ ೪ರ ಮಧ್ಯಾಹ್ನ ಹಡಗು ಮುಳುಗಿತು. ೫೭೧ ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ.

ಇದನ್ನು ಕೇವಲ ದೈವಯೋಗವೆನ್ನಲಾಗದು. ಭೀತಿಗೊಂಡ ಜನಸಮೂಹವು ಪರಿಚಿತವಾದ ಕಂಠಕ್ಕೆ ಕಿವಿಗೊಡುತ್ತದೆ. ದಿನದಿನವೂ ಆಟಕ್ಕೆ ಕರೆದ ಧ್ವನಿಯು ಸಾಲಾಗಿ ನಿಲ್ಲಿರೆಂದು ಹೇಳಿದಾಗ ಜನರು ನಿಲ್ಲುತ್ತಾರೆ. ಇನ್ನೊಂದು ನಿದರ್ಶನವು ಈ ತತ್ತ್ವವನ್ನು ಬೇರೆ ದಿಕ್ಕಿನಿಂದ ಸ್ಥಿರಪಡಿಸುತ್ತದೆ. ೨೦೨೦ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ನೌಕೆಯ ೩,೭೧೧ ಮಂದಿಯು ಕೋವಿಡ್ ಸೋಂಕಿನ ಕಾರಣ ತಡೆಹಿಡಿಯಲ್ಪಟ್ಟು, ಪ್ರಯಾಣಿಕರು ಕೋಣೆಗಳಲ್ಲಿ ಬಂಧಿತರಾದರು. ಆಗ ಆಟಗಳೂ ಇಲ್ಲ, ಸಭೆಗಳೂ ಇಲ್ಲ. ಧ್ವನಿವರ್ಧಕದಲ್ಲಿ ಕಪ್ತಾನ ಜೆನ್ನಾರೊ ಆರ್ಮಾ ಆಡುತ್ತಿದ್ದ ಧೈರ್ಯದ ಮಾತುಗಳೇ ಅನೇಕರಿಗೆ ಆಧಾರವಾದವು. ವಿನೋದಾಧಿಕಾರಿಯ ಕೆಲಸವನ್ನು ಅಲ್ಲಿ ಕಪ್ತಾನನೇ ಮಾಡಿದನು. ಆದುದರಿಂದ ಮುಖ್ಯವಾದುದು ಪದವಿಯ ಹೆಸರಲ್ಲ, ಅದು ನಡೆಸುವ ಕಾರ್ಯ. ಆ ಕಾರ್ಯವನ್ನು ಮಾಡುವವರಾರೂ ಇಲ್ಲದ ಹಡಗು ಬರಿಯ ವಸತಿಗೃಹವಾಗುತ್ತದೆ.

೭. ನಗುವಿನ ಬೆಲೆ

ಈ ಕಾರ್ಯಕ್ಕೆ ಬೆಲೆಯನ್ನು ತೆರುವವರು ಯಾರೆಂಬುದನ್ನೂ ಗಮನಿಸಬೇಕು. ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆಯು ೧೯೮೩ರಲ್ಲಿ ವಿಮಾನದ ಪರಿಚಾರಿಕೆಯರನ್ನು ಕುರಿತು ಬರೆದ ಗ್ರಂಥದಲ್ಲಿ, ತನ್ನ ಭಾವವನ್ನು ಇತರರಿಗಾಗಿ ಹದಗೊಳಿಸಿಕೊಳ್ಳುವುದೂ ಮೈಮುರಿಯುವ ದುಡಿಮೆಯಂತೆಯೇ ಒಂದು ದುಡಿಮೆಯೆಂದು ವಿವರಿಸಿದ್ದಾಳೆ. ವಿಮಾನದ ಪರಿಚಾರಿಕೆಯು ಕೆಲವು ಗಂಟೆಗಳಾದಮೇಲೆ ಮನೆಗೆ ಹೋಗುತ್ತಾಳೆ. ವಿನೋದಾಧಿಕಾರಿಗೆ ನಾಲ್ಕಾರು ತಿಂಗಳು ಹಡಗೇ ಮನೆ. ಮೊಗಸಾಲೆಗೆ ಕಾಲಿಟ್ಟೊಡನೆ ಆತನು ಕರ್ತವ್ಯದಲ್ಲಿರುತ್ತಾನೆ. ಊರಿನಿಂದ ದುಃಖದ ವಾರ್ತೆಯು ಬಂದ ದಿನವೂ ಸಂಜೆಯ ಸ್ವಾಗತವನ್ನು ತಪ್ಪಿಸಲಾಗದು. ಒಂದು ವಾರದ ಪ್ರಯಾಣಿಕರಿಗೆ ಬೀಳ್ಕೊಟ್ಟ ದಿನವೇ ಮುಂದಿನ ವಾರದವರನ್ನು ಮೊದಲ ಸಲ ಕಾಣುವವನಂತೆ ಎದುರುಗೊಳ್ಳಬೇಕು. ಈ ನಗುವು ಕೃತಕವೆಂದು ಹಳಿಯುವುದು ಸುಲಭ. ಆದರೆ ಕೃತಕವಾದುದನ್ನು ಕೃತಕವೆಂದು ತೋರದಂತೆ ತಿಂಗಳುಗಟ್ಟಲೆ ಕಾಪಾಡುವ ಶ್ರಮವು ಕೃತಕವಾದುದಲ್ಲ.

೮. ನಿರ್ಣಯ

ಮೇಲಿನ ವಿಚಾರದಿಂದ ಸಿದ್ಧವಾಗುವುದೇನೆಂದರೆ, ವಿನೋದಾಧಿಕಾರಿಯ ಪ್ರಭಾವಕ್ಕೆ ಎಲ್ಲ ಹಡಗುಗಳಿಗೂ ಎಲ್ಲ ಪ್ರಯಾಣಿಕರಿಗೂ ಸಲ್ಲುವ ಒಂದೇ ಅಳತೆಯಿಲ್ಲ. ಬಂದರುಗಳು ಹೆಚ್ಚಾಗಿರುವ ಮಾರ್ಗದಲ್ಲಿ ಅದು ಕಡಮೆ. ತೀರವು ಕಾಣದ ದಿನಗಳು ಹೆಚ್ಚಿದಷ್ಟೂ ಅದು ಹೆಚ್ಚು. ತನ್ನ ಕುಟುಂಬವನ್ನು ಜೊತೆಯಲ್ಲಿಯೇ ಕರೆತಂದವನಿಗೆ ಆತನು ಅಲಂಕಾರ ಮಾತ್ರ. ಒಂಟಿಯಾಗಿ ಬಂದ ವೃದ್ಧೆಗೆ ಆತನೇ ಇಡೀ ಯಾತ್ರೆಯಾಗಬಹುದು. ಹಲವು ಸಲ ಹೋದವನಿಗೆ ಆತನ ಹಾಸ್ಯವು ಹಳತು. ಹೊಸಬನಿಗೆ ಆತನ ಮಾತೇ ದಾರಿ ತೋರಿಸುವ ದೀಪ. ಎಲ್ಲವೂ ನೆಟ್ಟಗಿರುವಾಗ ಆತನ ಕೊರತೆಯು ತಿಳಿಯದು. ಗಾಳಿಯೆದ್ದು, ಬಂದರು ತಪ್ಪಿ, ಜನರ ಮನಸ್ಸು ಕದಡಿದಾಗ ಆತನ ಸ್ಥಾನವನ್ನು ಬೇರೆ ಯಾವ ಸಾಮಗ್ರಿಯೂ ತುಂಬಲಾರದು.

ಪೂರ್ವಪಕ್ಷಿಗಳು ಹೇಳುವಂತೆ ಪ್ರಯಾಣಿಕರ ಹೊಗಳಿಕೆಯಲ್ಲಿ ಒಂದು ಪಾಲು ಆತನಿಗೆ ಸಲ್ಲತಕ್ಕದ್ದಲ್ಲವೆಂಬುದು ನಿಜ. ಕಾಣದ ಅಡಿಗೆಯವರಿಗೂ ಯಂತ್ರದವರಿಗೂ ಅದನ್ನು ಹಂಚಬೇಕು. ಆದರೆ ಆತನ ಕೆಲಸದಲ್ಲಿಯೂ ಕಾಣದ ಭಾಗವೇ ದೊಡ್ಡದು. ಸಾವಿರಾರು ಜನರ ಹಗಲಿರುಳುಗಳನ್ನು ನೂಕುನುಗ್ಗಲಿಲ್ಲದಂತೆ ಹೆಣೆದಿಡುವುದಕ್ಕೆ ಕೈಚಪ್ಪಾಳೆಯು ದೊರೆಯುವುದಿಲ್ಲ. ಆದಕಾರಣ ವಿನೋದಾಧಿಕಾರಿಯ ಯೋಗ್ಯತೆಯನ್ನು ರಂಗದ ಮೇಲಿನ ನಗುವಿನಿಂದ ಅಳೆಯುವುದಕ್ಕಿಂತ, ಒಬ್ಬರನ್ನೊಬ್ಬರು ಅರಿಯದೆ ಹಡಗನ್ನೇರಿದವರಲ್ಲಿ ಎಷ್ಟು ಮಂದಿ ಪರಸ್ಪರ ಹೆಸರು ಹಿಡಿದು ಬೀಳ್ಕೊಂಡು ಇಳಿದರೆಂಬುದರಿಂದ ಅಳೆಯುವುದು ಹೆಚ್ಚು ನ್ಯಾಯವಾದುದು.